ಕೂದಲೆಳೆಯಷ್ಟು ಸೋರಿಕೆ

ಇಲೇರ್ ರೂಬೋನ ಕಷ್ಟಕ್ಕೆಲ್ಲ ಮೂಲ ಒಂದೇ: ಅವನು ಕೆಲಸವನ್ನು ತುಂಬಾ ಚೆನ್ನಾಗಿ ಮಾಡುತ್ತಿದ್ದ.

ಕೆಲಸವೆಂದರೆ ಹಳೆಯ ರೆಗ್ಯುಲೇಟರುಗಳ ರಿಪೇರಿ. ಫ್ಯಾನಿನದಲ್ಲ. ಸಮುದ್ರದೊಳಗೆ ಮುಳುಗುವವರಿಗೆ ಬೆನ್ನ ಮೇಲಿನ ಸಿಲಿಂಡರಿನಿಂದ ಬೇಕಾದಾಗ ಬೇಕಾದಷ್ಟೇ ಗಾಳಿಯನ್ನು ಬಾಯಿಗೆ ಅಳೆದು ಕೊಡುವ ಯಂತ್ರ. ಅದರಲ್ಲೂ ಹಿತ್ತಾಳೆ ಡಬ್ಬಿಗೆ ಎರಡು ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇರುವ, ಈಗ ಯಾರೂ ಕೊಳ್ಳದ ಅಜ್ಜನ ಕಾಲದವು. ಮಾರ್ಸೇ ಪಟ್ಟಣದ ಅಂಚಿನ ಆ ಬಂದರುಕೇರಿಯಲ್ಲಿ ಅವನ ಕೈ ದಾಟಿ ಹೋದ ರೆಗ್ಯುಲೇಟರು ವರ್ಷಾನುಗಟ್ಟಲೆ ಕೆಮ್ಮುತ್ತಿರಲಿಲ್ಲ. ಹಾಗಾಗಿ ಹೋದ ಗಿರಾಕಿಯೂ ವರ್ಷಾನುಗಟ್ಟಲೆ ಬರುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನ ಬಾಗಿಲು ತಟ್ಟುವವರು ಗಿರಾಕಿಗಳು ಮಾತ್ರ. ಅವರನ್ನೂ ತನ್ನ ಕೈಯಾರೆ ಓಡಿಸುತ್ತಿದ್ದ ಪುಣ್ಯಾತ್ಮ. ಕೆಲವು ವಾರ ಅವನು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಬ್ರೆಡ್ಡಿನ ಅಂಗಡಿಯಲ್ಲಷ್ಟೇ.

ಹೀಗಿರುವಾಗ ತುಲೋನ್ ಊರಿನಿಂದ ಮದಾಮ್ ಆರ್ಲೆತ್ ಬಂದಳು. ತೀರಿಹೋದ ಗಂಡ ಲುಸಿಯೆನ್‌ನ ರೆಗ್ಯುಲೇಟರನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು.

"ಇದು ಮತ್ತೆ ಉಸಿರಾಡೋ ಹಾಗೆ ಮಾಡಿಕೊಡಿ, ಮಸ್ಯೋ ರೂಬೋ. ಬರೋ ಭಾನುವಾರ ನಿಮ್ಮೂರಲ್ಲಿ ಇಂಥ ಹಳೇ ಸಾಮಾನು ಇಟ್ಕೊಂಡವರೆಲ್ಲ ಸೇರಿ ನೀರಿಗಿಳೀತಾರಲ್ಲ, ಅವತ್ತು ನಾನೂ ಇದನ್ನ ಹಾಕ್ಕೊಂಡು ಇಳೀಬೇಕು."

ಐದು ನಿಮಿಷಕ್ಕೆ ಬಂದವಳು ಸಂಜೆಯವರೆಗೆ ಕೂತಳು. ಅವಳು ನಕ್ಕಾಗ ಇಲೇರ್ ತನ್ನ ಅಡುಗೆಮನೆಯಲ್ಲಿ ಇಂಥ ಸದ್ದು ಕೇಳಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಿದ.

ಡಬ್ಬಿ ಬಿಚ್ಚಿ ನೋಡಿದರೆ ರಬ್ಬರ್ ಪೊರೆ ಹಪ್ಪಳವಾಗಿತ್ತು, ಒಳಗೆಲ್ಲ ಉಪ್ಪು. ಸಾಲದ್ದಕ್ಕೆ ಒಳಗಿನ ಪುಟ್ಟ ಲಿವರನ್ನು ಯಾರೋ ಅಗತ್ಯಕ್ಕಿಂತ ಮೇಲಕ್ಕೆ ಬಗ್ಗಿಸಿದ್ದರು. ಆ ಲಿವರು ತಗ್ಗಿದರೆ ಗಾಳಿಯನ್ನು ಎದೆಯಿಂದ ಎಳೆಯಬೇಕು. ಎತ್ತರವಾದರೆ ಕೇಳದೆಯೇ ಬುಸ್ಸೆಂದು ಸೋರುತ್ತದೆ. "ಯಾವ ಕಟುಕ ಇದನ್ನ ಮುಟ್ಟಿದ್ದ?" ಎಂದು ಬೈದುಕೊಂಡು ಇಲೇರ್ ಅದನ್ನು ನೇರ ಮಾಡಿದ. ಭಾನುವಾರ ಬೆಳಗಿನ ಹೊತ್ತಿಗೆ ಅದು ತೊಟ್ಟಿಲ ಕೂಸಿನಂತೆ ಉಸಿರಾಡುತ್ತಿತ್ತು.

ಕೆಲಸ ಮುಗಿಯಿತು. ಅಂದರೆ ಇವತ್ತು ಒಯ್ದಳೆಂದರೆ ಮದಾಮ್ ಆರ್ಲೆತ್ ಬರುವುದೂ ಮುಗಿಯಿತು. ಇಲೇರ್ ಜೋಲುಮೋರೆ ಹಾಕಿಕೊಂಡು ಕೆಳಗಿನ ತಿತೀನನ ಬಾರಿಗೆ ಇಳಿದ. ಕೇರಿಯವರ ಕಷ್ಟಸುಖಕ್ಕೆಲ್ಲ ಕೇಳದೆಯೇ ಸಲಹೆ ಕೊಡುವುದು ತಿತೀನನ ಹುಟ್ಟುಗುಣ.

"ನಿನ್ನ ರೋಗ ಏನು ಗೊತ್ತೇನಯ್ಯಾ? ಚೆನ್ನಾಗಿ ಮಾಡ್ತೀಯ!" ಎಂದ ತಿತೀನ್, ಲೋಟ ಒರೆಸುತ್ತ. "ನನ್ನ ಕಾಫಿ ನೋಡು. ಒಂದು ಲೋಟಕ್ಕೇ ತೃಪ್ತಿಯಾದ್ರೆ ಎರಡನೇದನ್ನ ಯಾರು ಕೇಳ್ತಾರೆ? ಏನಾದ್ರೂ ಒಂಚೂರು ಕೊರತೆ ಉಳಿಸು."

"ಥೂ, ಉಸಿರಿನ ವಿಷಯ ಕಣೋ!"

"ಸಾಯೋ ಹಾಗೆ ಮಾಡು ಅಂದ್ನಾ? ಬೇಸರವಾಗೋ ಹಾಗೆ ಮಾಡು. 'ಅಯ್ಯೋ, ಇದ್ಯಾಕೋ ಸರಿಯಿಲ್ಲ' ಅಂತ ಮುಂದಿನ ವಾರ ತಾನಾಗೇ ಬರ್ತಾಳೆ."

ಇಲೇರ್ ಮೇಲೆ ಬಂದು ಬಹಳ ಹೊತ್ತು ಡಬ್ಬಿಯನ್ನು ನೋಡುತ್ತ ಕೂತ. ಗಾಳಿ ಕಡಿಮೆ ಬಂದರೆ ಪಾಪ. ಹೆಚ್ಚು ಬಂದರೆ? ಬಂದರಿನೊಳಗಿನ ಎದೆಮಟ್ಟದ ನೀರಿನಲ್ಲಿ ಒಂದಿಷ್ಟು ಗಾಳಿ ದಂಡ, ಅಷ್ಟೆ. ಕಣ್ಣುಮುಚ್ಚಿ ದೇವರಲ್ಲಿ ಕ್ಷಮೆ ಕೇಳಿ, ಲಿವರನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿದ. ಸಿಲಿಂಡರಿಗೆ ಜೋಡಿಸಿ ತಿರುಪು ಬಿಟ್ಟ. ಬುಸ್ಸ್ ಎಂದಿತು. ಸೋರಿಕೆ ತಡೆಯುವುದೇ ಬದುಕಾದವನಿಗೆ ಆ ಸದ್ದು ಕೇಳಿ ನಾಚಿಕೆಯಾಯಿತು. ಆದರೂ ಅವಳು ಬರುವ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ತಿರುಪು ಮುಚ್ಚುವುದನ್ನು ಮರೆತು, ಗಡ್ಡ ಹೆರೆಯಲು ಬಚ್ಚಲಿಗೆ ಹೋದ.

ಎದುರುಮನೆಯ ನೋರಿನ್‌ಳ ಕಿವಿ ಬಾಗಿಲಿಗೇ ಅಂಟಿಕೊಂಡಿರುವ ಕಿವಿ. ಬುಸ್ಸೆನ್ನುವುದು ಕೇಳಿದ್ದೇ ತಡ, "ಗ್ಯಾಸ್! ಗ್ಯಾಸ್!" ಎಂದು ಅರಚುತ್ತ ಮೆಟ್ಟಿಲಿಳಿದು, ಇಡೀ ಕಟ್ಟಡದ ಗ್ಯಾಸ್ ಕೊಳಾಯಿ ಬಂದ್ ಮಾಡಿಬಿಟ್ಟಳು. ಭಾನುವಾರದ ಅಡುಗೆ ಎಲ್ಲರ ಒಲೆಯ ಮೇಲೂ ಅರೆಬೆಂದು ನಿಂತಿತು. ಸೌಟು ಹಿಡಿದವರೆಲ್ಲ ಇಲೇರ್‌ನ ಬಾಗಿಲಿಗೆ ಬಂದರು. ಅವನು ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡೇ ಓಡಿಬಂದು, ತಿರುಪು ಮುಚ್ಚಿ ಬಾಗಿಲು ತೆಗೆದ.

"ಗ್ಯಾಸಲ್ಲ... ರೆಗ್ಯುಲೇಟರು... ಸ್ವಲ್ಪ ಸೋರ್ತಿತ್ತು," ಎಂದ.

ಎತ್ತಿ ಹಿಡಿದ ಸೌಟುಗಳೆಲ್ಲ ಕೆಳಗಿಳಿದವು. ಗ್ಯಾಸೇ ಆಗಿದ್ದರೂ ಇಷ್ಟು ಗಾಬರಿಯಾಗುತ್ತಿರಲಿಲ್ಲ.

"ನೀನು ಮುಟ್ಟಿದ್ದು ಸೋರುತ್ತಾ?" ಎಂದ ಮೇಲಿನ ಮಹಡಿಯ ಸೆವೆರಿನ್. ಹಡಗಿನಲ್ಲಿ ಎಲೆಕ್ಟ್ರೀಷಿಯನ್ ಆಗಿದ್ದು ನಿವೃತ್ತನಾದವನು. ಅವನ ರೆಗ್ಯುಲೇಟರೂ ರಿಪೇರಿಗೆಂದು ಅಲ್ಲೇ ಇತ್ತು. "ಬೇಜಾರು ಮಾಡ್ಕೋಬೇಡ ಇಲೇರ್. ವಯಸ್ಸು, ಕೈ ನಡುಗುತ್ತೆ. ನನ್ನದು ಕೊಟ್ಟುಬಿಡು." ಒಳಗೆ ನುಗ್ಗಿ, ಕಪಾಟಿನಿಂದ ತನ್ನದನ್ನು ತೆಗೆದುಕೊಂಡು ಎದೆಗವಚಿಕೊಂಡು ಹೋದ.

"ಪಾಪ, ಒಂಟಿ ಜೀವ. ಒಲೆ ಮೇಲಿನ ಮಾಂಸ ಮಾತ್ರ ಅರೆಬೆಂದು ಚಕ್ಕೆ ಆಗೋಯ್ತು," ಎಂದಳು ನೋರಿನ್.

ಮಾನ ಮೂರು ಕಾಸಿಗೆ ಹರಾಜಾಗಿತ್ತು. ಸಾಕಪ್ಪಾ ಸಾಕು, ಲಿವರನ್ನು ಮತ್ತೆ ನೇರ ಮಾಡಿಬಿಡೋಣ ಎಂದು ಇಲೇರ್ ಡಬ್ಬಿಗೆ ಕೈಹಾಕುವಷ್ಟರಲ್ಲಿ ಬಾಗಿಲಲ್ಲಿ ಮದಾಮ್ ಆರ್ಲೆತ್.

"ಹುಷಾರು ಮದಾಮ್, ಅದು ಸೋರುತ್ತೆ!" ಎಂದು ಮೆಟ್ಟಿಲಿಂದಲೇ ಕೂಗಿದಳು ನೋರಿನ್. ಆರ್ಲೆತ್ ನೇರ ಮೇಜಿನ ಬಳಿ ಹೋದಳು. ಯಂತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು, "ಬನ್ನಿ, ಹೊತ್ತಾಯ್ತು," ಎಂದಳು.

ಬಂದರಿನ ಕಟ್ಟೆಯ ಮೇಲೆ ಊರೇ ನೆರೆದಿತ್ತು. ಉಳಿದವರು ಮುಳುಗಿದಲ್ಲಿ ಉಸಿರಿಗೊಂದು ಸಲ ಗುಳ್ಳೆ ಎದ್ದರೆ, ಆರ್ಲೆತ್ ಮುಳುಗಿದಲ್ಲಿ ಒಂದೇ ಸಮನೆ ಕೊತಕೊತ.

"ಆಲೂಗೆಡ್ಡೆ ಹಾಕ್ರಪ್ಪಾ, ಬೇಯುತ್ತೆ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಇಲೇರ್ ಮಾತ್ರ ನಗಲಿಲ್ಲ. ಆ ಗುಳ್ಳೆಗಳನ್ನು ನೋಡುತ್ತ ನಿಂತ. ಬೈಯಲಿ, ಸಿಡುಕಲಿ, ಮುಖಕ್ಕೇ ಎಸೆಯಲಿ. 'ಬಿಟ್ಟು ಹೋಗಿ ಮದಾಮ್, ಮುಂದಿನ ವಾರ ಬನ್ನಿ' ಎನ್ನುವ ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ.

ಆರ್ಲೆತ್ ಮೇಲೆ ಬಂದು ಮುಖದ ಗಾಜು ತೆಗೆದಳು. ಕಣ್ಣು ಕೆಂಪಗಾಗಿದ್ದವು. ಉಪ್ಪುನೀರಿನಿಂದಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದಳು.

"ಏನು, ಮದಾಮ್?"

"ಲುಸಿಯೆನ್‌ದು ಹೀಗೇ ಬುಸ್ಸನ್ನುತ್ತಿತ್ತು. ನೀರೊಳಗೆ ನನಗೆ ಹೆದರಿಕೆ. 'ಈ ಸದ್ದು ಕೇಳ್ತಿರೋವರೆಗೂ ಪಕ್ಕದಲ್ಲೇ ಇದೀನಿ ಅಂತ ತಿಳ್ಕೋ' ಅಂತ ಬೇಕಂತಲೇ ಲಿವರು ಬಗ್ಗಿಸಿದ್ರು. ನಿಮಗೆ ಹೇಳೋದೇ ಮರೆತುಬಿಟ್ಟೆ, ಊರು ಮುಟ್ಟಿದ ಮೇಲೆ ನೆನಪಾಯ್ತು. ಎಲ್ಲಿ ಸರಿ ಮಾಡಿಬಿಡ್ತೀರೋ ಅಂತ ವಾರವೆಲ್ಲ ನಿದ್ದೆ ಇಲ್ಲ. ಮೆಟ್ಟಿಲಲ್ಲಿ ಆಕೆ 'ಸೋರುತ್ತೆ' ಅಂದಾಗ ಹೋದ ಜೀವ ಬಂತು. ಈಗ ಕೆಳಗೆ... ಅವರು ಪಕ್ಕದಲ್ಲೇ ಇದ್ರು, ಮಸ್ಯೋ ರೂಬೋ."

ನಿಜ ಹೇಳಬೇಕೆಂದು ಇಲೇರ್ ಬಾಯಿ ತೆರೆದ. ಆ ಕಣ್ಣುಗಳನ್ನು ನೋಡಿ ಮುಚ್ಚಿದ.

"ಇಷ್ಟು ವರ್ಷದ ಕೆಲಸ ಮದಾಮ್... ಗೊತ್ತಾಗುತ್ತೆ," ಎಂದ. ಆಮೇಲೆ, ಕೊನೆಯ ಆಸೆ: "ಆದ್ರೂ ವರ್ಷಕ್ಕೊಮ್ಮೆ ತಂದು ತೋರಿಸಿದ್ರೆ..."

"ಅಯ್ಯೋ, ಬೇಡಪ್ಪಾ ಬೇಡ! ಇನ್ನು ಇದನ್ನ ಯಾರಿಗೂ ಬಿಚ್ಚೋಕೆ ಬಿಡಲ್ಲ. ನಿಮಗೂ!" ಎಂದು ನಕ್ಕು, ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, ತುಲೋನಿನ ಬಸ್ಸು ಹತ್ತಿದಳು.

ಸಂಜೆ ತಿತೀನ್ ಕಾತರದಿಂದ ಮೇಜಿನ ಮೇಲಿಂದ ಬಗ್ಗಿ ಕೇಳಿದ:

"ಏನಂದ್ಲೋ?"

"ಇಷ್ಟು ಚೆನ್ನಾಗಿ ಯಾರೂ ಮಾಡಿರಲಿಲ್ಲ ಅನ್ನೋ ಹಾಗೆ ಹೇಳಿದ್ಲು."

ತಿತೀನ್ ಹಣೆ ಚಚ್ಚಿಕೊಂಡ.

"ಥೂ ನಿನ್ನ! ಮತ್ತೆ ಚೆನ್ನಾಗಿ ಮಾಡ್ಬಿಟ್ಯೇನೋ?"