ಗೌಡರ ಹೊಲ ಬಿಟ್ಟ ಫುಟ್ಬಾಲು

ಹಾನಗಲ್ಲಿನಲ್ಲಿ ನಾನು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ಇಂಥದ್ದೊಂದು ಪ್ರಸಂಗ ನಡೆಯದ ವಾರವೇ ಇರಲಿಲ್ಲ. ಫುಟ್ಬಾಲಿನ ಬ್ಲ್ಯಾಡರಿಗೆ ತೇಪೆ ಹಚ್ಚಿ ಗಾಳಿ ತುಂಬುವವನು ನಾನೊಬ್ಬನೇ ಆಗಿದ್ದರಿಂದ ಊರವರು ನನ್ನನ್ನೇ ರೆಫ್ರಿ ಮಾಡಿದ್ದರು. ಚೆಂಡಿನ ಒಳಗಿನದು ಬಲ್ಲವನಿಗೆ ಹೊರಗಿನದು ತಿಳಿಯದೇ ಇರುತ್ತದೆಯೇ ಎಂಬುದು ಅವರ ತರ್ಕ. ದೊಡ್ಡ ಯುದ್ಧ ನಡೆದಿತ್ತು, ಹೊಸ ಬ್ಲ್ಯಾಡರ್ ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ. ಹೀಗಾಗಿ ನಾನು ಸೀಟಿ ಊದಿದರೆ ಯಾರೂ ಎದುರಾಡುತ್ತಿರಲಿಲ್ಲ.

ಮರ ಯಾವ ಕಡೀದು

ನಾವು ಆಡುತ್ತಿದ್ದದ್ದು ಊರ ಗೌಡರ ಬೀಳುಬಿಟ್ಟ ಹೊಲದಲ್ಲಿ. ಒಂದು ತುದಿ ಎತ್ತರ, ಇನ್ನೊಂದು ತಗ್ಗು. ಎತ್ತರದ ತುದಿಯಲ್ಲಿ ನಮ್ಮ ಗೋಲು, ಅದರ ಎಡಕ್ಕೆ, ಗೆರೆಯ ಒಳಗೇ, ಒಂದು ಹುಣಸೆ ಮರ. ಆ ಕಡೆಯಿಂದ ಬಂದ ಚೆಂಡೆಲ್ಲ ಮರಕ್ಕೆ ಬಡಿದು ತಿರುಗಿ ಹೋಗುತ್ತಿತ್ತು. ಅರ್ಧ ಆಟ ಮುಗಿದ ಮೇಲೆ ಕಡೆ ಬದಲಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿರಲಿಲ್ಲ. ಪರವೂರಿನಿಂದ ಬಂದವರು ದಣಿದಿರುತ್ತಾರೆ, ಅವರನ್ನು ಮತ್ತೆ ಏರು ಹತ್ತಿಸುವುದು ಸರಿಯಲ್ಲ. ಹೀಗಾಗಿ ನಮ್ಮೂರಲ್ಲಿ ನಾವು ಸವಣೂರಿನವರಿಗೆ ಎಂದೂ ಸೋತದ್ದಿಲ್ಲ. ಊರಿಗೆ ಅದೇ ಒಂದು ದೊಡ್ಡ ಹೆಮ್ಮೆ.

ಸವಣೂರಿನ ಕ್ಯಾಪ್ಟನ್ ವೀಳ್ಯದೆಲೆ ವ್ಯಾಪಾರಿ, ಬಹಳ ಸಭ್ಯ ಮನುಷ್ಯ. ಒಮ್ಮೆ ಆಟ ನಿಲ್ಲಿಸಿ ನನ್ನ ಹತ್ತಿರ ಬಂದು, "ರೆಫ್ರಿ ಸಾಹೇಬ್ರ, ಈ ಮರ ಯಾವ ಕಡೀದ್ರಿ?" ಎಂದು ಕೇಳಿದರು.

"ಹುಟ್ಟಿ ಬೆಳದದ್ದು ಹಾನಗಲ್ಲಿನಾಗರಿ," ಎಂದೆ.

ಅವರು ಯೋಚಿಸಿ ತಲೆಯಾಡಿಸಿದರು. "ಹಂಗಾದ್ರ ನೀವು ಸವಣೂರಿಗೆ ಬರ್ರಿ. ಅಲ್ಲಿ ನಮ್ಮ ಕಡೆ ಬಾವಿ ಆಡತೈತಿ."

ಗೌಡರ ಉದಾರತನ

ಒಂದು ಬೇಸಿಗೆ ಗೌಡರು ತಮ್ಮ ಹೊಲ ತಮಗೆ ಬೇಕೆಂದರು. ಶೇಂಗಾ ಬಿತ್ತುವ ಮನಸ್ಸಾಗಿತ್ತು. ಅದರ ಬದಲಿಗೆ ಅಕ್ಕಿಆಲೂರು ರಸ್ತೆಯಲ್ಲಿದ್ದ ತಮ್ಮ ಸಣ್ಣಕಲ್ಲಿನ ಗರಸು ನೆಲ ಬಿಟ್ಟುಕೊಟ್ಟರು. ಬೆಳೆ ಕಾಣದ ಭೂಮಿ, ಆದರೆ ಸಪಾಟು, ಉದ್ದಗಲಕ್ಕೂ ಕೊರತೆ ಇಲ್ಲ. ಬಸ್ಸಿಳಿದರೆ ಮೈದಾನ ಎಂದು ಅರ್ಧ ಊರಿಗೆ ಖುಷಿ. ಇನ್ನರ್ಧ ಊರಿಗೆ ಸೂತಕ. ಬಹಳ ಜನ ಬೆಳಿಗ್ಗೆ ಖುಷಿ ಪಟ್ಟು ಸಂಜೆ ಅಳುತ್ತಿದ್ದರು. ನಾನೂ ಅವರಲ್ಲೊಬ್ಬ.

ಎಲ್ಲರಿಗಿಂತ ಹೆಚ್ಚು ನೊಂದವರು ಗರಡಿಮನೆಯ ಉಸ್ತಾದರು. ಅವರು ಜನ್ಮದಲ್ಲಿ ಚೆಂಡು ಒದ್ದವರಲ್ಲ. ಆದರೆ ನಮ್ಮ ತಂಡದವರೆಲ್ಲ ಅವರ ಕೈಯಲ್ಲಿ ಕುಸ್ತಿ ಕಲಿತವರು. ಅವರನ್ನೇ ಮುಂದೆ ಮಾಡಿಕೊಂಡು ಗೌಡರ ವಾಡೆಗೆ ಹೋದೆವು.

"ಗೌಡ್ರ, ಆ ಮಣ್ಣಿನಾಗ ನಾವು ಸವಣೂರಿಗೆ ಸೋತಿಲ್ರಿ," ಎಂದರು ಉಸ್ತಾದರು. "ಬ್ಯಾರೇ ಮಣ್ಣಿಗೆ ಹೋಗಿ ಊರ ಮಾನ ಹೋದ್ರ ಯಾರಿಗೆ ಕೇಳೂದ್ರಿ?"

"ಮಾನ ನಿಮ್ಮದು, ಮಣ್ಣು ನಂದು," ಎಂದರು ಗೌಡರು. "ಬೇಕಂದ್ರ ಆ ಹುಣಸೀ ಮರ ಒಯ್ಯಿರಿ. ಬ್ಯಾಡನ್ನೂದಿಲ್ಲ."

ಹೊರಗೆ ಬಂದ ಮೇಲೆ ನಮ್ಮಲ್ಲಿ ಇಬ್ಬರು ಹಗ್ಗ ಹಿಡಿದುಕೊಂಡು ಹೋಗಿ ಮರದ ಬುಡ ಅಳೆದು ಬಂದರು.

ಮೈಗೆ ಗೊತ್ತಿಲ್ಲ

ಹೊಸ ಮೈದಾನದಲ್ಲಿ ಮೊದಲು ಅಕ್ಕಿಆಲೂರಿನವರನ್ನು ಕರೆದು ಆಡಿದೆವು. ಕೈ ಪಳಗಲಿ ಎಂದು. ನಮ್ಮ ಕ್ಯಾಪ್ಟನ್ ಟಾಸ್ ಗೆದ್ದು, "ಏರಿನ ಕಡೆ," ಎಂದ. ಏರು ಇರಲಿಲ್ಲ. ಸ್ವಲ್ಪ ಹೊತ್ತು ನಾಲ್ಕೂ ದಿಕ್ಕು ನೋಡಿ, ರಸ್ತೆಯ ಕಡೆ ತುಸು ಏರಿದ್ದಂತೆ ಕಾಣುತ್ತದೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ.

ನಮ್ಮ ಗೋಲ್‌ಕೀಪರ್ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವವ, ಒಳ್ಳೆಯ ಪೈಲ್ವಾನ. ಆವತ್ತು ಬಲಗಡೆಗೆ ಬಂದದ್ದೆಲ್ಲ ಹಿಡಿದ. ಎಡಗಡೆಗೆ ಬಂದದ್ದನ್ನು ತಿರುಗಿಯೂ ನೋಡಲಿಲ್ಲ. ಗೋಲಿನ ಮೇಲೆ ಗೋಲು.

"ಎಡಕ್ಕ ಮರ ಇಲ್ಲಪಾ," ಎಂದೆ.

"ನನಗ ಗೊತ್ತೈತ್ರಿ. ಮೈಗೆ ಗೊತ್ತಿಲ್ಲ," ಎಂದ.

ಕೊನೆಗೆ ಒಮ್ಮೆ ಎಡಕ್ಕೆ ಹಾರಿದ. ಗರಸಿನ ಮೇಲೆ ಬಿದ್ದು ಮೊಣಕಾಲು, ಮೊಣಕೈ ಎಲ್ಲ ತರಚಿಕೊಂಡ. ಎದ್ದು ನಿಂತು, ಇನ್ನು ಮುಂದೆ ಗೋಲು ಹೋದರೆ ಹೋಗಲಿ, ತಾನು ಮಾತ್ರ ಬೀಳುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾವು ಸೋತೆವು. ಮುಂದಿನ ಆಟ ಸವಣೂರಿನವರ ಜೊತೆ. ನನಗೆ ಊಟ ಸೇರಲಿಲ್ಲ.

ಉಸ್ತಾದರು ಮಾತ್ರ ಗೋಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಚಿಟಿಕೆ ಮಣ್ಣು ತಿಕ್ಕಿ ನೋಡಿದರು. "ಹುಡುಗೂರದೇನೂ ತಪ್ಪಿಲ್ಲ," ಎಂದರು. "ಈ ಮಣ್ಣಿಗೆ ಇನ್ನೂ ಯಾರೂ ಏನೂ ಕಲಿಸಿಲ್ಲ."

ಉಸ್ತಾದರ ತಯಾರಿ

ದೊಡ್ಡ ಕುಸ್ತಿ ಇದ್ದರೆ ಕಣದ ಮಣ್ಣನ್ನು ಅಗೆದು, ಎಣ್ಣೆ, ಮಜ್ಜಿಗೆ, ಅರಿಷಿಣ ಕಲಸಿ ಹದ ಮಾಡುತ್ತಾರೆ. ಬಿದ್ದವನಿಗೆ ನೋವಾಗಬಾರದು. ಇದು ಎಲ್ಲರಿಗೂ ಗೊತ್ತು. ಸವಣೂರಿನವರು ಬರುವ ದಿನ ಮಧ್ಯಾಹ್ನ ನಾನು ಚೆಂಡು ಬಗಲಲ್ಲಿಟ್ಟುಕೊಂಡು ಮೈದಾನಕ್ಕೆ ಕಾಲಿಟ್ಟೆ. ಕಾಲು ಕಣಕಾಲಿನವರೆಗೆ ಒಳಗೆ ಹೋಯಿತು. ಬೆಳಕು ಹರಿದಾಗಿನಿಂದ ಉಸ್ತಾದರು ಇಡೀ ಗರಡಿಯನ್ನು ಕೆಲಸಕ್ಕೆ ಹಚ್ಚಿ ಈ ಗೋಲಿನಿಂದ ಆ ಗೋಲಿನವರೆಗೆ ಅಗೆಸಿದ್ದರು. ಊರಲ್ಲಿ ಆವತ್ತು ಯಾರ ಮನೆಯಲ್ಲೂ ಮಜ್ಜಿಗೆ ಇರಲಿಲ್ಲ.

"ಉಸ್ತಾದ್ರ, ಇದೇನ್ ಮಾಡೀರಿ?"

"ಹದ ಮಾಡೇವ್ರಿ. ಇನ್ನ ಯಾರು ಬಿದ್ರೂ ನೋವಾಗೂದಿಲ್ಲ."

"ಚೆಂಡು ಬಿದ್ರ?"

"ಚೆಂಡಿಗೂ ನೋವಾಗೂದಿಲ್ಲ."

ಆಗಲಿಲ್ಲ. ಚೆಂಡು ಎಲ್ಲಿ ಬಿತ್ತೋ ಅಲ್ಲೇ ಉಳಿಯಿತು. ಒದ್ದರೆ ಮಣ್ಣು ಹಾರುತ್ತಿತ್ತು, ಚೆಂಡು ಕೂತಿರುತ್ತಿತ್ತು. ಓಡಲು ಹೋದವರು ಭತ್ತ ನಾಟಿಗೆ ಇಳಿದವರ ಹಾಗೆ ಕಾಲೆತ್ತಿ ಕಾಲೆತ್ತಿ ಇಡುತ್ತಿದ್ದರು. ನಮ್ಮ ಗೋಲ್‌ಕೀಪರ್ ಒಬ್ಬನೇ ಸುಖವಾಗಿದ್ದ. ಚೆಂಡು ಆ ಕಡೆಯ ಗೋಲಿನ ಹತ್ತಿರ ಇದ್ದಾಗಲೂ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾರಿ ಬೀಳುತ್ತಿದ್ದ. ಸಂಜೆಯವರೆಗೂ ಯಾರೂ ಗೋಲು ಹೊಡೆಯಲಿಲ್ಲ. ನಾನು ಸೀಟಿ ಊದಿ ಆಟ ಮುಗಿಸಿದೆ. ನಾವು ಸೋತಿರಲಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಸವಣೂರಿನ ಕ್ಯಾಪ್ಟನ್ ಅರಿಷಿಣದ ಕಾಲು ಝಾಡಿಸುತ್ತ, "ನೀವೂ ಸೋಲಲಿಲ್ಲ, ನಾವೂ ಸೋಲಲಿಲ್ರಿ," ಎಂದರು. "ಸೋತಿದ್ದು ಚೆಂಡು."

ಕರಾರು

ಮುಖ್ಯ ಅತಿಥಿಯಾಗಿ ಬಂದಿದ್ದ ಗೌಡರು ಆವತ್ತು ಆಟ ನೋಡಿರಲೇ ಇಲ್ಲ. ಹಾರ ಹಾಕಿಕೊಂಡೇ ಬಗ್ಗಿ ಬಗ್ಗಿ ಮಣ್ಣು ಮುಟ್ಟಿ ನೋಡುತ್ತಿದ್ದರು. ಅದೇ ವಾರ ಅವರು ಹಳೆಯ ಹೊಲಕ್ಕೆ ನೇಗಿಲು ಹೂಡಿಸಿದ್ದರಂತೆ. ನಾವು ವರ್ಷಗಟ್ಟಲೆ ತುಳಿದ ನೆಲ, ನೇಗಿಲು ಮುರಿದಿತ್ತೇ ಹೊರತು ಮಣ್ಣು ಎದ್ದಿರಲಿಲ್ಲ.

"ಶೇಂಗಾ ನಾನು ಇಲ್ಲೇ ಬಿತ್ತತೇನಿ," ಎಂದರು ಗೌಡರು. "ಇದನ್ನ ನನಗ ತಿರುಗಿ ಕೊಡ್ರಿ. ಆ ಹಳೇದು ನೀವ ಇಟ್ಕೊಳ್ರಿ, ನಾನು ಇನ್ನ ಕೇಳೂದಿಲ್ಲ."

ಜನ ಉಸ್ತಾದರನ್ನು ಹೆಗಲ ಮೇಲೆ ಹೊತ್ತುಕೊಂಡು ಊರೊಳಗೆ ಬಂದರು. ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಮುಂದಿನ ವಾರ ಹಳೆಯ ಹೊಲದಲ್ಲಿ ಆಟ. ಏರು ಇತ್ತು, ಮರ ಇತ್ತು, ಊರಿಗೆ ಊರೇ ಸೇರಿತ್ತು. ಉಸ್ತಾದರು ಮಾತ್ರ ನೆರಳಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ಯಾಕ್ರಿ ಉಸ್ತಾದ್ರ, ಖುಷಿ ಆಗಲಿಲ್ಲೇನ್ರಿ?"

"ಆಗೈತ್ರಿ," ಎಂದು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿದರು. "ಆದ್ರ ಏನ ಹೇಳ್ರಿ, ಹೊಸಾ ಮೈದಾನ ಎಷ್ಟು ಮೆತ್ತಗಿತ್ತು."