ನಂಬರ್ ನಲವತ್ತೇಳು: ಕಪ್ಪು, ಉದ್ದ, ಒಂದು

ತಪ್ಪು ಯಾರದೂ ಅಲ್ಲ, ಆ ಡಬ್ಬಕ್ಕೆ ಟ್ಯಾಗ್ ಇರಲಿಲ್ಲ ಅಷ್ಟೆ. ಲಾಂಡ್ರಿಯೊಳಗೆ ಟ್ಯಾಗ್ ಇಲ್ಲದ ವಸ್ತು ಕಂಡರೆ ಬಟ್ಟೆಗೆ ನಂಬರ್ ಹೊಲಿಯುವ ಟ್ಯಾಗಕ್ಕನ ಕೈ ತಾನಾಗಿ ಸೂಜಿದಾರಕ್ಕೆ ಹೋಗುತ್ತದೆ. ಅದು ಗೊತ್ತಿದ್ದೂ ಜಡೆಯಪ್ಪ ಡಬ್ಬವನ್ನು ಕಪಾಟಿನ ಮೇಲಿಟ್ಟು ಕೌಂಟರಿಗೆ ಹೋದನಲ್ಲ, ಅಲ್ಲಿಂದ ಶುರುವಾಯಿತು ನೋಡಿ ಇವತ್ತಿನ ಪಜೀತಿ.

ಜಡೆಯಪ್ಪ ಅನ್ನುವುದು ಲಾಂಡ್ರಿಯವರು ಇಟ್ಟ ಹೆಸರು. ಎರಡು ವರ್ಷ ಅವನು ಕೂದಲು ಬಿಟ್ಟಿದ್ದ. ಬಿಟ್ಟಿದ್ದ ಅಂದರೆ ಸಾಲದು, ಸಾಕಿದ್ದ. ಬಿಸಿಲಿಗೆ ಒಂದು ಬಟ್ಟೆ, ಧೂಳಿಗೆ ಇನ್ನೊಂದು. ತಲೆಗೆ ಬಿಸಿನೀರು ಸೋಕಿಸುವಂತಿಲ್ಲ, ಒದ್ದೆ ಕೂದಲಿಗೆ ಬಾಚಣಿಗೆ ಹಾಕುವಂತಿಲ್ಲ, ಬಿಗಿಯಾಗಿ ಕಟ್ಟುವಂತಿಲ್ಲ, ಇಸ್ತ್ರಿ ಮೇಜಿನ ಹಬೆ ಎದ್ದರೆ ಮಾರು ದೂರ. ಬೀದಿಯ ಹೆಂಗಸರೇ ಅವನನ್ನು ನಿಲ್ಲಿಸಿ, "ತುದಿ ಸೀಳದೇ ಇರೋಕೆ ಏನ್ ಮಾಡ್ತೀರಿ?" ಅಂತ ಕೇಳುತ್ತಿದ್ದರು.

ಇಷ್ಟೆಲ್ಲ ಅವನ ಅಕ್ಕನಿಗೋಸ್ಕರ. ತಾಯಿಯಿಲ್ಲದ ಮನೆಯಲ್ಲಿ ದಿನಾ ಬೆಳಗ್ಗೆ ಅವನ ತಲೆ ಬಾಚಿ, ಹೇನು ಹೆಕ್ಕಿ, ಸ್ಕೂಲಿಗೆ ಕಳಿಸಿದವಳು ಅವಳೇ. ಎರಡು ವರ್ಷದ ಹಿಂದೆ ಅವಳಿಗೆ ಕಾಯಿಲೆ ಬಂತು. ಔಷಧಿಗೆ ಕೂದಲೆಲ್ಲ ಉದುರಿತು. ಕಾಯಿಲೆ ಹೋಯಿತು, ಪುಣ್ಯ, ಆದರೆ ಕೂದಲು ಬರಲಿಲ್ಲ. ಲೈಬ್ರರಿಯನ್ನು ಇಪ್ಪತ್ತು ವರ್ಷ ನಡೆಸಿದ ಗಟ್ಟಿಗಿತ್ತಿ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತುಬಿಟ್ಟಳು. ಇವತ್ತು ಸಂಜೆ ಐದಕ್ಕೆ ಲೈಬ್ರರಿಯ ಹೊಸ ಓದುವ ಕೋಣೆ ತೆರೆಯಬೇಕು, ಅದನ್ನು ಅವಳೇ ತೆರೆಯಬೇಕು ಅಂತ ಎಲ್ಲರ ಆಸೆ. "ಕೂದಲಿದ್ದಿದ್ರೆ ಬರ್ತಿದ್ದೆ ಕಣೋ" ಅಂದಿದ್ದಳು ಫೋನಿನಲ್ಲಿ.

ಹದಿನೈದು ದಿನದ ಹಿಂದೆ ಜಡೆಯಪ್ಪ ಬುಡದಿಂದ ಕೂದಲು ತೆಗೆಸಿ ವಿಗ್ಗಿನವನ ಕೈಗೆ ಕೊಟ್ಟಿದ್ದ. ಅಕ್ಕನಿಗೆ ಸುಳಿವೇ ಇಲ್ಲ. ಇವತ್ತು ಬೆಳಗ್ಗೆ ಡಬ್ಬದಲ್ಲಿ ವಿಗ್ಗು ಕೈಗೆ ಬಂತು. "ಎಳೆಗೂಸು ಅನ್ಕೊಳ್ಳಿ. ಬಿಸಿಲು, ಧೂಳು, ಬಿಸಿಗಾಳಿ ಏನೂ ತಾಗಬಾರದು" ಅಂದಿದ್ದ ವಿಗ್ಗಿನವನು. ಮಧ್ಯಾಹ್ನದ ತನಕ ಕೆಲಸ ಮಾಡಿ ಹೋಗೋಣವೆಂದು ಜಡೆಯಪ್ಪ ಲಾಂಡ್ರಿಗೆ ಬಂದ.

ಕೌಂಟರಿನಲ್ಲಿ ಗುಂಡಿ ಕಳೆದ ಕೋಟಿನ ಯಜಮಾನರೊಬ್ಬರು ಎರಡು ತಾಸು ಅವನ ತಲೆ ತಿಂದರು. ಬಿಡಿಸಿಕೊಂಡು ಒಳಗೆ ಬಂದರೆ ಟ್ಯಾಗಕ್ಕ ಮತ್ತು ಇಸ್ತ್ರಿ ಮಾವ ಅಕ್ಕಪಕ್ಕ ನಿಂತು ನಗುತ್ತಿದ್ದಾರೆ. ಫ್ಯಾನಿನ ಎದುರು ಕೋಟಿನ ಹ್ಯಾಂಗರಿನಲ್ಲಿ ವಿಗ್ಗು!

"ಟ್ಯಾಗೇ ಇರ್ಲಿಲ್ವಲ್ಲೋ ಮಾರಾಯ!" ಅಂದಳು ಟ್ಯಾಗಕ್ಕ. "ನಾನ್ ನೋಡ್ದೇ ಹೋಗಿದ್ರೆ ಯಾರದೋ ಪರದೆ ಜೊತೆ ಹೊರಟುಹೋಗ್ತಿತ್ತು. ನಂಬರ್ ಹಾಕಿ ನಾಜೂಕು ಬಟ್ಟೆ ಬುಟ್ಟಿಗೆ ಹಾಕ್ದೆ."

"ನಿಮ್ಮಕ್ಕಂದು ಅಂತ ಗೊತ್ತಾಯ್ತಪ್ಪ," ಅಂದ ಇಸ್ತ್ರಿ ಮಾವ. "ಮಿಷನ್‌ಗೆ ಹಾಕ್ತೀನಾ? ತಣ್ಣೀರಲ್ಲಿ ಕೈಯಲ್ಲೇ ಅದ್ದಿ ತೆಗ್ದೆ. ಆಮೇಲೆ, ಜಡ್ಜ್ ಸಾಹೇಬ್ರ ಕಾಲರ್‌ಗೆ ಹಾಕ್ತೀವಲ್ಲ..."

"ಗಂಜಿನಾ?"

"ಮತ್ತೆ? ಎಂಥ ಗಾಳಿ ಬೀಸಿದ್ರೂ ಒಂದೆಳೆ ಅಲ್ಲಾಡಲ್ಲ." ಮಾವ ಉಗುರಿನಿಂದ ತಟ್ಟಿ ತೋರಿಸಿದ. ವಿಗ್ಗು ಹಪ್ಪಳದ ಹಾಗೆ ಟಕಟಕ ಅಂದಿತು.

ಜಡೆಯಪ್ಪನ ಬಾಯಿ ತನಕ ಬೈಗುಳ ಬಂತು. ಆದರೆ ಎರಡು ವರ್ಷ ಅವನ ಕೂದಲಿಗೆ ತಾಗಬಾರದೆಂದು ಹಬೆಯ ಕೊಳವೆಯನ್ನು ತನ್ನ ಮುಖದ ಕಡೆಗೇ ತಿರುಗಿಸಿಕೊಂಡವನು ಈ ಮಾವ. ತಲೆಗೆ ಕಟ್ಟುವ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟವಳು ಈ ಟ್ಯಾಗಕ್ಕ. ಅವನು ಬೈಗುಳ ನುಂಗಿಕೊಂಡು, "ದೊಡ್ಡ ಉಪಕಾರ ಆಯ್ತು ಮಾವ" ಅಂದು ಬಟ್ಟೆಗಂಟಿನ ಮೇಲೆ ಕುಸಿದು ಕೂತ.

"ಏನೋ, ತಪ್ಪಾಯ್ತೇನೋ?" ಟ್ಯಾಗಕ್ಕನ ಮುಖ ಸಣ್ಣಗಾಯಿತು.

"ತಪ್ಪೇನಿಲ್ಲಕ್ಕ. ಇದು ತಲೆ ಮೇಲೆ ಕೂರಲ್ಲ, ಎದ್ದು ನಿಲ್ಲತ್ತೆ, ಅಷ್ಟೆ."

ಆಮೇಲೆ ನೋಡಬೇಕಿತ್ತು ಗಡಿಬಿಡಿ. ನಾಲ್ಕು ಸಲ ತಣ್ಣೀರು ಬದಲಾಯಿಸಿ ಮೂವರೂ ಸೇರಿ ಗಂಜಿ ಬಿಡಿಸಿದರು. ಟ್ಯಾಗಕ್ಕ ಬೆರಳಲ್ಲೇ ಒಂದೊಂದೇ ಸಿಕ್ಕು ಬಿಡಿಸಿದಳು. ಗಂಟೆ ಮೂರೂವರೆ. ಒಣಗಿಸುವುದು ಹೇಗೆ? ಬಿಸಿಲು ಆಗದು, ಬಿಸಿಗಾಳಿಯ ಡ್ರಮ್ಮಂತೂ ಕೇಳಲೇಬೇಡಿ. ಫ್ಯಾನಿನ ಗಾಳಿ ಸಾಲದೆಂದು, ಮಡಚಿದ ಅಂಗಿಯೊಳಗಿಡುವ ರಟ್ಟು ಹಿಡಿದು ಬೀಸಿ ಬೀಸಿ ಮಾವನ ತೋಳು ಸೋತಿತು.

"ಹಾಕ್ಕೊಂಡ್ ಹೋಗ್ಬಿಡೋ," ಅಂದ ಮಾವ ಕೊನೆಗೆ. "ಒಂದು ಕಾಲಕ್ಕೆ ನಿಂದೇ ತಾನೆ? ಮೈ ಬಿಸಿಗೇ ಒಣಗತ್ತೆ."

ವಿಗ್ಗು ತೊಟ್ಟ ಜಡೆಯಪ್ಪ, ಹೆಲ್ಮೆಟ್ ಉಜ್ಜೀತು ಅಂತ ಸ್ಕೂಟರ್ ಬಿಟ್ಟು ಬಸ್ ಹತ್ತಿದ. ಕಿಟಕಿ ಮುಚ್ಚಿರೆಂದು ಎಲ್ಲರಿಗೂ ಕೈಮುಗಿದ. ಕತ್ತಿನೊಳಗೆ ನೀರು ಇಳಿಯುತ್ತಿತ್ತು. ಇಳಿಯುವ ಹೊತ್ತಿಗೆ ಆರು ಸೀನು ಸೀನಿದ್ದ.

ಅಕ್ಕ ಬಾಗಿಲು ತೆರೆದಳು. ತಲೆಗೆ ಸುತ್ತಿದ ಬಟ್ಟೆ ಹುಬ್ಬಿನ ತನಕ ಇಳಿದಿತ್ತು. "ಇನ್ನೂ ಆ ಜಡೆ ಬಿಟ್ಟಿಲ್ವೇನೋ ನೀನು?"

"ಬಿಟ್ಟೆ ಅಕ್ಕ. ಇದು ನಿಂದು." ಅವನು ವಿಗ್ಗು ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದ.

ಅಕ್ಕ ವಿಗ್ಗು ನೋಡಿದಳು, ಅವನ ಬೋಳುತಲೆ ನೋಡಿದಳು. ಎರಡು ವರ್ಷದ ಬಟ್ಟೆ, ತಣ್ಣೀರು, ಎಲ್ಲ ಅವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಕಣ್ಣು ತುಂಬಿ ಬಂತು. ಅವನನ್ನು ಎಳೆದುಕೊಂಡು ಹೋಗಿ ಕನ್ನಡಿ ಮುಂದೆ ನಿಲ್ಲಿಸಿ, ತನ್ನ ತಲೆಯ ಬಟ್ಟೆ ಬಿಚ್ಚಿದಳು. ಒಂದೇ ಅಚ್ಚಿನ ಎರಡು ತಲೆ, ಒಂದೇ ಥರ ಮುಂದಕ್ಕೆ ಚಾಚಿದ ನಾಲ್ಕು ಕಿವಿ.

"ಅಯ್ಯೋ! ಅಪ್ಪ ಇಬ್ಬರಾಗಿ ಬಂದ ಹಾಗಿದೆಯಲ್ಲೋ!" ಅಂದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. "ನನ್ನ ತಮ್ಮನೇ ಈ ತಲೆ ಹೊತ್ಕೊಂಡು ಓಡಾಡ್ತಾನಂದ್ರೆ, ನಂಗೇನು ನಾಚಿಕೆ? ನಡಿ, ಹೀಗೇ ಬರ್ತೀನಿ."

ಜಡೆಯಪ್ಪ ಬದುಕಿದೆ ಅಂದುಕೊಂಡ. ಅಷ್ಟರಲ್ಲಿ ಏಳನೆಯ ಸೀನು ಬಂತು.

"ನೋಡಿದ್ಯಾ!" ಅಕ್ಕನ ಹುಬ್ಬು ಮೇಲೇರಿತು. "ಬೋಳುತಲೆಗೆ ಗಾಳಿ ಹೊಡೆದಿದೆ. ನಂಗೆ ಅಭ್ಯಾಸ ಆಗಿದೆ, ನಿಂಗೆಲ್ಲಿ? ಇದನ್ನ ನೀನೇ ಹಾಕ್ಕೋ."

"ಅಕ್ಕ, ಶೀತ ಆಗಿದ್ದೇ ಇದರಿಂದ..."

"ಬಾಯಿ ಮುಚ್ಚು."

ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅವನ ಗದ್ದ ಹಿಡಿದು ವಿಗ್ಗು ತೊಡಿಸಿದಳು, ಬೆರಳಲ್ಲೇ ಬೈತಲೆ ತೆಗೆದಳು. ಕಣ್ಣು ಮುಚ್ಚಿ ನಿಂತ ಜಡೆಯಪ್ಪನಿಗೆ, ದೇವರೇ, ಇಷ್ಟು ಸಾಕು ಅನ್ನಿಸಿತು.

ಐದು ಗಂಟೆಗೆ ಅಕ್ಕ ಬರಿತಲೆಯಲ್ಲಿ, ತಲೆಯೆತ್ತಿ, ಹೊಸ ಕೋಣೆಯ ಬಾಗಿಲು ತೆರೆದಳು. ಚಪ್ಪಾಳೆಯೋ ಚಪ್ಪಾಳೆ. ಅವಳ ಧೈರ್ಯವನ್ನು ಎಲ್ಲರೂ ಕೊಂಡಾಡಿದರು. ಆಮೇಲೆ ಒಬ್ಬ ಅಜ್ಜಿ ಜಡೆಯಪ್ಪನನ್ನು ಪಕ್ಕಕ್ಕೆ ಕರೆದು, ಅವನ ಕಿವಿಯ ಹಿಂದೆ ನೇತಾಡುತ್ತಿದ್ದ ಟ್ಯಾಗನ್ನು ಕನ್ನಡಕವೇರಿಸಿ ಓದಿದರು: "ನಂಬರ್ ನಲವತ್ತೇಳು. ಕಪ್ಪು, ಉದ್ದ, ಒಂದು." ಅವನ ಬೆನ್ನು ತಟ್ಟಿ ಪಿಸುಗುಟ್ಟಿದರು:

"ನಿಮ್ಮಕ್ಕನ್ನ ನೋಡಿ ಕಲೀಬೇಕಪ್ಪ. ಅವರಿಗಿರೋ ಧೈರ್ಯ ನಿಂಗೂ ಬಂದಿದ್ರೆ ಇದೆಲ್ಲ ಬೇಕಿತ್ತಾ?"