ಫ್ಯೂಸಪ್ಪನ ಮೂರು ತಂತಿಗಳು

ಎಲ್ಲದಕ್ಕೂ ಕಾರಣ ಫ್ಯೂಸಪ್ಪನ ಬಲಭುಜ. ಕರೆಂಟು ಹೋದಾಗಲೆಲ್ಲ ಅವನ ಬೇಕರಿಯ ಹಿಟ್ಟು ಕಲಸುವ ಯಂತ್ರ ನಿಂತುಬಿಡುತ್ತಿತ್ತು. ಆಗ ಗಂಡಹೆಂಡತಿ ಇಬ್ಬರೂ ಹಲಗೆಯ ಮುಂದೆ ನಿಂತು ಬ್ರೆಡ್ಡಿನ ಹಿಟ್ಟನ್ನು ಕೈಯಲ್ಲೇ ನಾದಬೇಕು. ಮಾರನೆಯ ದಿನ ತಲೆ ಬಾಚಿಕೊಳ್ಳಲೂ ಅವನ ಕೈ ಮೇಲೇಳುತ್ತಿರಲಿಲ್ಲ. ಬಾಚಲು ಕೂದಲೇ ಇರಲಿಲ್ಲ ಎಂಬುದು ಬೇರೆ ಮಾತು. ಫ್ಯೂಸಪ್ಪ ಎಂಬುದು ಅಪ್ಪಅಮ್ಮ ಇಟ್ಟ ಹೆಸರಲ್ಲ. ಮುಟ್ಟಿದ್ದರಲ್ಲೆಲ್ಲ ಫ್ಯೂಸು ಹಾರಿಸುತ್ತಿದ್ದುದಕ್ಕೆ ಬೀದಿಯವರು ಕೊಟ್ಟ ಬಿರುದು.

"ನಿನಗೋಸ್ಕರ ಕಣೇ," ಎಂದು ಹೆಂಡತಿಗೆ ಹೇಳಿ, ಭುಜದ ಸುದ್ದಿಯನ್ನು ನುಂಗಿಕೊಂಡು, ಮೂಲೆ ಸೇರಿದ್ದ ಎಲೆಕ್ಟ್ರಿಕ್ ಆಟೋ ಒಂದರ ಬ್ಯಾಟರಿಗಳನ್ನು ಹೊತ್ತು ತಂದ. ವಾರಗಟ್ಟಲೆ ಕೂತು ಒಂದು ಪೆಟ್ಟಿಗೆ ಕಟ್ಟಿದ. ಬ್ಯಾಟರಿಯ ಕರೆಂಟು ಒಂದೇ ದಿಕ್ಕಿಗೆ ಹರಿಯುವ ಸಾಧು ಸ್ವಭಾವದ್ದು. ಯಂತ್ರದ ಮೋಟಾರಿಗೆ ಅದು ಆಗಿಬರದು. ಮೂರು ತಂತಿಗಳಲ್ಲಿ ಒಂದರ ಹಿಂದೊಂದು ಏರಿಳಿಯುವ ತ್ರೀ ಫೇಸ್ ಕರೆಂಟೇ ಅದಕ್ಕೆ ಬೇಕು, ಮೂವರು ಸರದಿಯಂತೆ ಬೀಸುವ ಕಲ್ಲಿನ ಗೂಟಕ್ಕೆ ಕೈಹಾಕಿದ ಹಾಗೆ. ಆ ಸರದಿಯನ್ನು ಹುಟ್ಟಿಸುವುದೇ ಪೆಟ್ಟಿಗೆಯ ಕೆಲಸ.

ಅಂದು ಮಧ್ಯಾಹ್ನ ಕರೆಂಟು ಹೋಯಿತು. ಸಂಜೆಯ ಬ್ರೆಡ್ಡಿಗೆ ಹಿಟ್ಟು ಸಿದ್ಧವಾಗಬೇಕಿತ್ತು. ಫ್ಯೂಸಪ್ಪ ಖುಷಿಯಿಂದ ಪೆಟ್ಟಿಗೆಯ ಸ್ವಿಚ್ಚು ಒತ್ತಿದ. ಮೋಟಾರು ತಿರುಗಿತು, ಆದರೆ ಹಿಂದಕ್ಕೆ! ಹಿಟ್ಟನ್ನು ಕೆಳಕ್ಕೆ ಒತ್ತಬೇಕಾದ ಕೊಕ್ಕೆ ಅದನ್ನು ಮೇಲಕ್ಕೆತ್ತಿತು. ಒಂದು ಮುದ್ದೆ ಫ್ಯೂಸಪ್ಪನ ಮುಖಕ್ಕೆ ಬಡಿಯಿತು. ಇನ್ನೊಂದು, ಇಣುಕಿ ನೋಡಲು ಬಂದ ಪಕ್ಕದಂಗಡಿಯ ದರ್ಜಿಯ ಹೆಗಲೇರಿ ಕೂತಿತು.

"ಬ್ರೆಡ್ ಮಾಡೋ ಮೊದಲೇ ಹಂಚ್ತಿದ್ದೀಯಲ್ಲೋ!" ಎಂದ ದರ್ಜಿ.

ಸದ್ದು ಕೇಳಿ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರೂ ಬಂದರು.

"ಏನಿಲ್ಲ, ಸರದಿ ಉಲ್ಟಾ ಆಗಿದೆ," ಎಂದು ಫ್ಯೂಸಪ್ಪ ಇಡೀ ಬೇಕರಿಗೆ ಕೇಳುವಂತೆ ಹೇಳಿದ. "ಮೂರರಲ್ಲಿ ಯಾವುದಾದ್ರೂ ಎರಡು ತಂತಿ ಅದಲುಬದಲು ಮಾಡಿದ್ರೆ ಸರಿಹೋಗತ್ತೆ. ಎಲ್ಲ ಕೈಯಲ್ಲೇ ಬಿಚ್ಚೋ ತಿರುಪು." ಸ್ವಿಚ್ಚು ಆರಿಸಿ ಮುಖ ತೊಳೆಯಲು ಹೋದ.

ಅವನು ಬರುವಷ್ಟರಲ್ಲಿ ಉಪಕಾರ ನಡೆದುಹೋಗಿತ್ತು. ದರ್ಜಿ ಪೆಟ್ಟಿಗೆಯ ಕಡೆ ಎರಡು ತಂತಿ ಬದಲಿಸಿದ್ದ. ಮೇಷ್ಟ್ರು, ಅದನ್ನು ಗಮನಿಸದೆ, ಮೋಟಾರಿನ ಕಡೆ ಎರಡು ಬದಲಿಸಿದ್ದರು. ಸ್ವಿಚ್ಚು ಒತ್ತಿದರೆ ಮತ್ತೆ ಹಿಂದಕ್ಕೇ!

"ನಾನು ಸರಿ ಮಾಡಿದ್ದನ್ನ ನೀವು ಕೆಡಿಸಿದ್ರಿ!"

"ಕೆಡಿಸಿದ್ದು ನೀನು!"

ಇಬ್ಬರಿಗೂ ಅವಮಾನವಾಯಿತು. ಯಂತ್ರ ಆರಿಸಿದ್ದೇ ತಡ, ಇಬ್ಬರೂ ಹಟದಿಂದ ತಮ್ಮ ತಮ್ಮ ತಂತಿಗಳನ್ನು ಮೊದಲಿನಂತೆ ಮಾಡಿದರು. ಮೋಟಾರೂ ಮೊದಲಿನಂತೆಯೇ ಹಿಂದಕ್ಕೆ ತಿರುಗಿತು.

ಫ್ಯೂಸಪ್ಪ ಇಬ್ಬರಿಗೂ ಕೈಮುಗಿದು ಹೊರಗೆ ಕಳಿಸಿ, ಬಾಗಿಲು ಹಾಕಿ, ತಾನೇ ಎರಡು ತಂತಿ ಬದಲಿಸಿದ. ಯಂತ್ರ ಸರಿಯಾಗಿ ತಿರುಗಿತು. ಕಣ್ಣಲ್ಲಿ ನೀರು ಬಂತು. ಯಂತ್ರ ನಿಲ್ಲಿಸಿ ಉಗ್ರಾಣದಿಂದ ಹಿಟ್ಟಿನ ಚೀಲ ತಂದು ಸುರಿದು ಸ್ವಿಚ್ಚು ಒತ್ತಿದರೆ, ಹಿಂದಕ್ಕೆ! ಮತ್ತೆ ಸರಿಮಾಡಿದ. ನೀರು ತರಲು ಹೋಗಿ ಬಂದರೆ, ಮತ್ತೆ ಹಿಂದಕ್ಕೆ!

ದರ್ಜಿ ಹಿತ್ತಲ ಬಾಗಿಲಿಂದ ನುಸುಳುತ್ತಿರಬೇಕು ಎಂದುಕೊಂಡ. ಮತ್ತೊಮ್ಮೆ ಸರಿಮಾಡಿ, ಉಪ್ಪು ತರಲು ಹೋಗುವಂತೆ ನಟಿಸಿ ಚೀಲಗಳ ಹಿಂದೆ ಕೂತ. ತಂತಿಗೆ ಕೈಹಾಕಿದ್ದು ದರ್ಜಿಯಲ್ಲ, ಫ್ಯೂಸಪ್ಪನ ಸ್ವಂತ ಹೆಂಡತಿ!

"ಏನೇ ಇದು! ನಿನಗೋಸ್ಕರ ಮಾಡಿದ್ದು ಕಣೇ!"

ಅವಳು ಬೆಚ್ಚಿದಳು, ಆದರೆ ತಂತಿ ಬಿಡಲಿಲ್ಲ. "ನನಗೋಸ್ಕರ ಅಂದ್ಮೇಲೆ ಕೆಡಿಸೋ ಹಕ್ಕೂ ನಂದೇ ಅಲ್ವಾ?" ಎಂದಳು. ಆಮೇಲೆ ದನಿ ಇಳಿಸಿ, "ಕರೆಂಟ್ ಇದ್ರೆ ನೀವು ಗಲ್ಲಾ ಹತ್ರ, ನಾನು ಒಲೆ ಹತ್ರ. ರಾತ್ರಿ ಊಟ ಮಾಡ್ತಾ ಮಾಡ್ತಾನೇ ತೂಕಡಿಸ್ತೀರಿ. ಹಿಟ್ಟು ನಾದೋವಾಗ ಮಾತ್ರ ರೀ ನೀವು ನನ್ನ ಪಕ್ಕ ನಿಂತು ಮಾತಾಡೋದು," ಎಂದಳು.

ಇಷ್ಟು ವರ್ಷ ಅವಳು ಇದಕ್ಕಾಗಿ ಕಾಯುತ್ತಿದ್ದಳೇ? "ಭುಜ ನೋಯತ್ತೆ ಕಣೇ," ಎಂದು ಫ್ಯೂಸಪ್ಪ ಒಪ್ಪಿಕೊಂಡ.

"ಹೇಳೋಕೇನಾಗಿತ್ತು? ಎಡಗೈಲಿ ನಾದಿ. ನಿಮ್ಮ ಬಲಗಡೆ ನಾನಿರ್ತೀನಿ."

ಇಬ್ಬರೂ ಹಲಗೆಯ ಮುಂದೆ ನಿಂತರು. ಅವಳು ತಂಗಿಯ ಮಾವನ ಹಲ್ಲಿನ ಸೆಟ್ಟು ಕಳೆದ ಕತೆ ಶುರುಮಾಡಿದಳು. ಅದು ಎಲ್ಲಿ ಸಿಕ್ಕಿತು ಎಂದು ಹೇಳುವಷ್ಟರಲ್ಲಿ ದೀಪ ಭಗ್ಗನೆ ಹತ್ತಿತು.

ಅವಳು ಮಾತು ನಿಲ್ಲಿಸಿ ಕೈ ಒರೆಸಿಕೊಂಡಳು. "ಬಂತಲ್ಲ. ಯಂತ್ರಕ್ಕೇ ಹಾಕಿ ಇನ್ನು."

ಫ್ಯೂಸಪ್ಪ ಗೋಡೆಯ ಹತ್ತಿರ ಹೋದ. ಟಕ್ಕೆಂದು ಸದ್ದಾಯಿತು. ದೀಪ ಆರಿತು.

"ಮತ್ತೆ ಹೋಯ್ತಾ?"

"ಹೋಯ್ತು," ಎಂದ ಫ್ಯೂಸಪ್ಪ, ಮೇನ್ ಸ್ವಿಚ್ಚಿನ ಮೇಲಿದ್ದ ಕೈ ತೆಗೆಯುತ್ತ.

ಪಕ್ಕದಂಗಡಿಯಲ್ಲಿ ದರ್ಜಿಯ ರೇಡಿಯೋ ಜೋರಾಗಿ ಹಾಡುತ್ತಿತ್ತು. ಅದು ಇಬ್ಬರಿಗೂ ಕೇಳಿಸಿತು. ಫ್ಯೂಸಪ್ಪ ಬಂದು ಮೊಣಕೈವರೆಗೂ ಹಿಟ್ಟಿಗೆ ಕೈಹಾಕಿದ.

"ಹೂಂ, ಹಲ್ಲು ಎಲ್ಲಿ ಸಿಕ್ತು?"